ಬಾಣದ ತುದಿ

ಜೂನ್ 3, ಮಂಗಳವಾರ

ಆಸ್ಪತ್ರೆಯವರು ಕೊಟ್ಟ ಪುಸ್ತಿಕೆಯನ್ನು ಇವತ್ತು ಓದಿದೆ. ಬಣ್ಣದ ಮುಖಪುಟ. ಅದರ ಮೇಲೆ ಒಬ್ಬಳು ಹೆಂಗಸು ಹಲ್ಲು ಕಿರಿದುಕೊಂಡು ಹುಲ್ಲಿನ ಮೇಲೆ ನಡೆಯುತ್ತಿದ್ದಾಳೆ. ಅವಳಿಗೆ ಕ್ಯಾನ್ಸರ್ ಹಾಗಿರಲಿ, ನೆಗಡಿ ಕೂಡ ಬಂದ ಹಾಗಿಲ್ಲ. ಅವಳ ಅಂಗಿಯ ಎಡ ತೋಳು ಬಲ ತೋಳಿಗಿಂತ ಅರ್ಧ ಇಂಚು ಉದ್ದ. ಫೋಟೋ ತೆಗೆದವನಿಗೆ ಕಾಣಲಿಲ್ಲ, ಅಚ್ಚು ಹಾಕಿದವನಿಗೂ ಕಾಣಲಿಲ್ಲ. ನಾನು ಶರ್ಟು ಕಾರ್ಖಾನೆಯ ಚೆಕಿಂಗ್ ಟೇಬಲ್ಲಿನವಳು, ನನಗೆ ಮೊದಲು ಕಂಡದ್ದೇ ಅದು.

ಚಿಕಿತ್ಸೆ ಮುಗಿದ ಮೇಲಿನ ತಪಾಸಣೆಗೆ ಹೇಗೆ ತಯಾರಾಗಬೇಕು ಅಂತ ಅದರಲ್ಲಿ ಉಪದೇಶ. ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ. ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಬರೆದುಕೊಳ್ಳಿ, ಅಲ್ಲಿಗೆ ಹೋದಾಗ ಮರೆತುಹೋಗುತ್ತದೆ. ಹೊಸ ನೋವು ಇದ್ದರೆ ಮುಚ್ಚಿಡದೆ ಹೇಳಿ, ಅದಕ್ಕೆ ಹತ್ತರಲ್ಲಿ ಎಷ್ಟು ಅಂಕ ಅಂತ ಯೋಚಿಸಿ. ನೋವಿಗೆ ಅಂಕವಂತೆ. ಫಸ್ಟ್ ಕ್ಲಾಸ್ ಬಂದರೆ ಹಾರ ಹಾಕುತ್ತಾರೋ ಏನೋ. ನಂಬಿಕೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ. ದಿನಾ ನಾಲ್ಕು ಸಾಲು ಬರೆಯಿರಿ, ಮನಸ್ಸು ಹಗುರಾಗುತ್ತದೆ.

ಬರೆದಿದ್ದೇನೆ. ನಾಲ್ಕಕ್ಕಿಂತ ಹೆಚ್ಚೇ ಆಯಿತು. ಹಗುರಾಗಿಲ್ಲ. ತಪಾಸಣೆ ಇಪ್ಪತ್ತನಾಲ್ಕಕ್ಕೆ.

ಜೂನ್ 5, ಗುರುವಾರ

ನಂಬಿಕೆಯವರು ಅಂದರೆ ಈ ಮನೆಯಲ್ಲಿ ಯಾರು?

ಒಬ್ಬರು ಇವರು. ಬಸ್ ಕಂಡಕ್ಟರು. ಜಗತ್ತಿನ ಎಲ್ಲ ಕಷ್ಟಕ್ಕೂ ಇವರ ಬಳಿ ಇರುವುದು ಒಂದೇ ಪರಿಹಾರ, ಸ್ವಲ್ಪ ಒಳಗೆ ಸರಿಯಿರಿ, ಜಾಗ ಆಗುತ್ತೆ. ನನಗೆ ಗಡ್ಡೆ ಇದೆ ಅಂತ ಗೊತ್ತಾದ ದಿನ "ಆಗುತ್ತೆ ಬಿಡು, ಮುಂದೆ ಹೋಗ್ತಾ ಇರೋಣ" ಅಂದರು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ತುಂಬ ಹೊತ್ತು ಕೂತರು. ಅತ್ತರೆ ಕೇಳಿಸುವುದಿಲ್ಲ ಅಂದುಕೊಂಡಿದ್ದರು. ನೀರು ದಂಡ.

ಇನ್ನೊಬ್ಬಳು ಇವರ ತಂಗಿ, ನನ್ನ ನಾದಿನಿ. ಎರಡು ಬೀದಿ ಆಚೆ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ನಾನು ಅವಳಿಗೆ ಇಟ್ಟ ಹೆಸರು ರೇಡಿಯೋ. ರೇಡಿಯೋಗಾದರೂ ಕಿವಿ ಹಿಂಡಿದರೆ ನಿಲ್ಲುತ್ತದೆ. ಕೀಮೋಗೆ ಪ್ರತಿ ಸಲವೂ ಅವಳೇ ಬಂದದ್ದು. ಡಾಕ್ಟರಮ್ಮ ಊಟ ಸೇರುತ್ತಾ ಅಂತ ನನ್ನನ್ನು ಕೇಳಿದರೆ ಉತ್ತರ ಇವಳದ್ದು. ನಿದ್ದೆ ಬರುತ್ತಾ ಅಂದರೂ ಇವಳೇ. ನನ್ನ ಹೊಟ್ಟೆ ಕಟ್ಟಿದ್ದು, ಬಿಟ್ಟದ್ದು ಇಡೀ ವಾರ್ಡಿಗೆ ಗೊತ್ತಿತ್ತು. ಪಕ್ಕದ ಮಂಚದವಳು ನನ್ನನ್ನು ಕಂಡಾಗಲೆಲ್ಲ "ಇವತ್ತು ಆಯ್ತಾ?" ಅಂತ ವಿಚಾರಿಸುತ್ತಿದ್ದಳು.

ಕೂದಲು ಉದುರಲು ಶುರುವಾದಾಗ ತಲೆ ಬೋಳಿಸಿದ್ದೂ ಇವಳೇ. ಅಂಗಡಿಯ ಬಾಗಿಲು ಹಾಕಿ, ಕನ್ನಡಿಯ ಮೇಲೆ ಬಟ್ಟೆ ಇಳಿಬಿಟ್ಟು. ಅವತ್ತು ಒಂದು ಮಾತೂ ಆಡಲಿಲ್ಲ. ಬಹುಶಃ ಗಂಟಲು ಕಟ್ಟಿತ್ತು.

ಜೂನ್ 9, ಸೋಮವಾರ

ಚೆಕಿಂಗ್ ಅಂದರೆ ಸುಮ್ಮನೆ ನಿಂತು ನೋಡುವ ಕೆಲಸ ಅಂತ ಜನ ತಿಳಿದಿದ್ದಾರೆ. ಹೊಲಿದು ಮುಗಿದ ಶರ್ಟು ನಮ್ಮ ಟೇಬಲ್ಲಿಗೆ ಬರುತ್ತದೆ. ಕಾಲರು, ಜೇಬು, ಗುಂಡಿಪಟ್ಟಿ, ಅಂಚು ಇವೆಲ್ಲ ಟೇಬಲ್ಲಿನ ಮೇಲೆ ಹರಡಿ ನೋಡಿದರಾಯಿತು. ಆಮೇಲೆ ಎರಡೂ ಭುಜ ಹಿಡಿದು ತಲೆಗಿಂತ ಮೇಲೆ ಎತ್ತಿ ದೀಪಕ್ಕೆ ಒಡ್ಡಬೇಕು. ಕಂಕುಳಲ್ಲಿ ಹೊಲಿಗೆ ತಪ್ಪಿದ್ದರೆ ಬೆಳಕು ತೂರಿ ಬರುತ್ತದೆ. ತಪ್ಪು ಸಿಕ್ಕಲ್ಲಿ ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುತ್ತೇವೆ. ಬಾಣದ ತುದಿ ತಪ್ಪಿಗೆ ತಾಗಿರಬೇಕು. ಒಂದು ಬೆರಳು ಆಚೆ ಅಂಟಿಸಿದರೆ ಟೈಲರು ಸರಿಯಿರುವ ಹೊಲಿಗೆಯನ್ನು ಬಿಚ್ಚಿ ಕೂರುತ್ತಾನೆ. ಹತ್ತಿರ ಇದ್ದರೆ ಸಾಲದು, ಮುಟ್ಟಬೇಕು ಅಂತ ನಾನು ಹೊಸಬರಿಗೆಲ್ಲ ಬಡಿದುಕೊಂಡಿದ್ದೇನೆ. ಅವರು ತಲೆಯಾಡಿಸುತ್ತಾರೆ, ಆಮೇಲೆ ಜೇಬಿನ ತಪ್ಪಿಗೆ ಬೆನ್ನಿಗೆ ಅಂಟಿಸುತ್ತಾರೆ.

ಈ ಸ್ಟಿಕ್ಕರುಗಳು ನನ್ನ ಜೊತೆ ಮನೆಗೂ ಬರುತ್ತವೆ. ಚೀಲದೊಳಗೆ, ಚಪ್ಪಲಿಯ ಅಡಿಯಲ್ಲಿ, ದಿಂಬಿನ ಮೇಲೆ. ಒಮ್ಮೆ ಇವರ ಕುತ್ತಿಗೆಯ ಹಿಂದೆ ಒಂದು ಅಂಟಿಕೊಂಡು, ಇವರು ಹಾಗೆಯೇ ಡ್ಯೂಟಿಗೆ ಹೋಗಿ, ಬಸ್ಸಿನವರೆಲ್ಲ ನಕ್ಕರಂತೆ. ಬಾಣದ ತುದಿ ತಲೆಯ ಕಡೆಗೆ ಇತ್ತು. ನನ್ನ ಲೆಕ್ಕದಲ್ಲಿ ಸರಿಯಾಗಿಯೇ ಅಂಟಿತ್ತು.

ನಾನು ರಜೆಯಲ್ಲಿದ್ದಾಗ ನನ್ನ ಟೇಬಲ್ಲಿನ ಟ್ಯೂಬ್‌ಲೈಟನ್ನು ಇನ್ನೂ ಮೇಲಕ್ಕೆ ಕಟ್ಟಿದ್ದಾರೆ. ಎಷ್ಟು ಎತ್ತಿದರೂ ಶರ್ಟು ಬೆಳಕಿಗೆ ಸಿಗುವುದಿಲ್ಲ. ಸೂಪರ್‌ವೈಸರ್ ಶಿಳ್ಳೆಗೆ ಹೇಳಿದೆ. ಕೆಲಸ ಬಾರದಿದ್ದರೂ ಸದಾ ಶಿಳ್ಳೆ ಹಾಕಿಕೊಂಡು ತಿರುಗುವುದರಿಂದ ಅವನಿಗೆ ಆ ಹೆಸರು. ದೀಪ ಮೊದಲು ಎಲ್ಲಿತ್ತೋ ಅಲ್ಲೇ ಇದೆ ಅಂದ. ಆ ಕಡೆ ತಿರುಗಿ ಇನ್ನೊಬ್ಬನ ಹತ್ತಿರ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗೊಣಗಿದ. ನನ್ನ ಎದೆ ಕತ್ತರಿಸಿದ್ದಾರೆ, ಕಿವಿಯನ್ನಲ್ಲ.

ಜೂನ್ 10, ಮಂಗಳವಾರ

ಬೆನ್ನಿನ ಎಡಕ್ಕೆ, ಹೆಗಲಮೂಳೆಯ ಕೆಳಗೆ. ಕೈಗೆ ಸಿಗದ ಜಾಗ. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಎಮ್ಮೆ ಹಾಗೆ ಒತ್ತಿ ಉಜ್ಜುತ್ತಿದ್ದೆ. ತಿರುಗಿದರೆ ರೇಡಿಯೋ ಹೊಸ್ತಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದಾಳೆ. ಬಾಗಿಲು ತಟ್ಟಿ ಬರುವ ಸಂಸ್ಕಾರ ಆ ಕುಟುಂಬಕ್ಕೆ ಇಲ್ಲ.

ತುರಿಕೆ ಅಂದೆ. ಅವಳೇನೂ ಕೇಳಿರಲಿಲ್ಲ.

ಜೂನ್ 14, ಶನಿವಾರ

ತಪಾಸಣೆಗೆ ಮುಂಚಿನ ಪರೀಕ್ಷೆಗಳು ಮುಗಿದವು. ರಕ್ತ ಕೊಟ್ಟೆ. ಆಮೇಲೆ ಉಳಿದಿರುವ ಎದೆಯನ್ನು ಎರಡು ಹಲಗೆಗಳ ನಡುವೆ ಒತ್ತಿ ಫೋಟೋ ತೆಗೆಯುವ ಯಂತ್ರ. ಅದನ್ನು ಕಂಡುಹಿಡಿದವನಿಗೆ ಎದೆ ಇರಲಿಲ್ಲ ಅನ್ನುವುದರಲ್ಲಿ ಸಂಶಯವಿಲ್ಲ. ಅಲ್ಲಿನ ಹುಡುಗಿ ಬಾಯಲ್ಲಿ ಏನೋ ಅಗಿಯುತ್ತ ಕೈ ಮೇಲೆತ್ತಿ, ಇನ್ನೂ ಮೇಲೆ, ಇನ್ನೂ ಮೇಲೆ ಅನ್ನುತ್ತಿದ್ದಳು. ಬಲಗೈ ಎತ್ತಿದೆ. ಎಡಗೈ ಯಂತ್ರಕ್ಕೆ ಬೇಕಿರಲಿಲ್ಲ, ಪುಣ್ಯಕ್ಕೆ.

ಕಾಯುವ ಕೋಣೆಯಲ್ಲಿ ಒಬ್ಬಳು ತನ್ನ ನೋವುಗಳ ಪಟ್ಟಿಯನ್ನು ಪಕ್ಕದವಳಿಗೆ ಓದಿ ಹೇಳುತ್ತಿದ್ದಳು. ಮೊಣಕಾಲು, ಸೊಂಟ, ಹಲ್ಲು, ಕಿರುಬೆರಳು. ಕಿರುಬೆರಳಿಗೂ ಡಾಕ್ಟರಮ್ಮನ ಸಮಯ ಬೇಕಂತೆ. ಇಂಥವರಿಂದಲೇ ಸಾಲು ಅಷ್ಟು ಉದ್ದ. ನನಗೆ ಹೇಳಿಕೊಳ್ಳುವ ಚಟ ಇಲ್ಲ. ಶರ್ಟಿಗೆ ಬಾಯಿ ಇರುತ್ತದೆಯೇ? ನನ್ನ ಕಂಕುಳು ಬಿಟ್ಟಿದೆ, ನೋಡಮ್ಮ ಅಂತ ಯಾವ ಶರ್ಟೂ ನನಗೆ ಇವತ್ತಿನವರೆಗೆ ಹೇಳಿಲ್ಲ. ತಪ್ಪು ಹುಡುಕುವುದು ಚೆಕರ್ ಕೆಲಸ. ಡಾಕ್ಟರಮ್ಮ ಅಷ್ಟು ಓದಿದ್ದಾಳೆ, ಹುಡುಕಲಿ. ಸಿಗದಿದ್ದರೆ ಇಲ್ಲ ಅಂತ ಅರ್ಥ.

ಜೂನ್ 16, ಸೋಮವಾರ

ಕಳಿಸಿದ ಮಾಲಿನಲ್ಲಿ ಕೆಲವು ಬಂಡಲ್ ವಾಪಸು ಬಂದಿವೆ. ಎಲ್ಲದರೊಳಗೂ ನನ್ನ ನಂಬರಿನ ಚೀಟಿ. ಎಲ್ಲದರಲ್ಲೂ ಕಂಕುಳ ಹೊಲಿಗೆ ಬಿಟ್ಟಿದೆ, ಅದೂ ನಾನು ಎಡಗೈಯಲ್ಲಿ ಹಿಡಿಯುವ ಕಡೆಯದ್ದು.

ಇಷ್ಟು ವರ್ಷದಲ್ಲಿ ನನ್ನ ಚೀಟಿಯಿದ್ದ ಬಂಡಲ್ ಒಂದೂ ತಿರುಗಿ ಬಂದಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಮುಸುರೆಯಲ್ಲಿ ಬಿತ್ತಂತೆ. ಲೈನಿನಲ್ಲಿ ಎಲ್ಲರೂ ಮಿಷನ್ನು ನಿಲ್ಲಿಸದೆ ನನ್ನನ್ನೇ ನೋಡುತ್ತಿದ್ದರು. ಮಿಷನ್ನು ನೋಡದೆ ಹೊಲಿದರೆ ಕಂಕುಳು ಬಿಡದೆ ಇನ್ನೇನಾಗುತ್ತದೆ.

ಶಿಳ್ಳೆ ಒಂದು ಶರ್ಟು ತಂದು ನನ್ನ ಮುಂದೆ ಇಟ್ಟ. "ಅಕ್ಕ, ಇದನ್ನ ಒಂದ್ಸಲ ಎತ್ತಿ ತೋರ್ಸಿ" ಅಂದ. ಎತ್ತಿದೆ. ಬಲಗೈ ಹೋಯಿತು. ಎಡಗೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಶರ್ಟು ಓರೆಯಾಗಿ ಜೋತುಬಿದ್ದಿತ್ತು. ಟ್ಯೂಬ್‌ಲೈಟ್ ಮಿನುಗುತ್ತಿತ್ತು, ಅದಕ್ಕೇ ಕಾಣಲಿಲ್ಲ ಅಂದೆ. ಅವನು ಟ್ಯೂಬ್‌ಲೈಟನ್ನು ನೋಡಲಿಲ್ಲ. ಶಿಳ್ಳೆಯೂ ಹಾಕಲಿಲ್ಲ. ಶರ್ಟನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮಡಚಿದ.

ಅವನು ಬೈದಿದ್ದರೆ ಚೆನ್ನಾಗಿತ್ತು.

ಜೂನ್ 17, ಮಂಗಳವಾರ

ನನ್ನನ್ನು ಗುಂಡಿ ಟೇಬಲ್ಲಿಗೆ ಹಾಕಿದ್ದಾರೆ. ಕೂತುಕೊಂಡು ಗುಂಡಿ ಎಳೆದು ನೋಡುವ ಕೆಲಸ. ನಿನ್ನೆ ಮೊನ್ನೆ ಸೇರಿದವರಿಗೆ ಕೊಡುವಂಥದ್ದು. ಕೋತಿಗೆ ಕಲಿಸಿದರೂ ಮಾಡುತ್ತದೆ, ಕೋತಿಯಾದರೆ ಖುಷಿಯಾಗಿ ಮಾಡುತ್ತದೆ.

ಇವರಿಗೆ ಹೇಳಿದೆ. "ಕೂತ್ಕೊಂಡು ಮಾಡೋ ಕೆಲ್ಸ ಅಲ್ವಾ, ಒಳ್ಳೇದೇ ಆಯ್ತು" ಅಂದರು. ಸೀಟು ಸಿಕ್ಕರೆ ಸಾಕು ಈ ಮನುಷ್ಯನಿಗೆ.

ಜೂನ್ 18, ಬುಧವಾರ

ಹೆದರಿಕೆ. ಅದು ಬಿಟ್ಟು ಬೇರೆ ಏನೂ ಇಲ್ಲ. ಬಾಯಿ ಬಿಟ್ಟು ಹೇಳಿದರೆ ಮತ್ತೆ ಸೂಜಿ, ಮತ್ತೆ ವಾಂತಿ, ಮತ್ತೆ ಬೋಳು ತಲೆ. ಹೇಳದಿದ್ದರೆ ಬೆನ್ನು ನೋವು. ಬೆನ್ನು ನೋವು ಯಾರಿಗೆ ಇಲ್ಲ.

ಜೂನ್ 20, ಶುಕ್ರವಾರ

ರೇಡಿಯೋ ಬಂದು ಇಪ್ಪತ್ತನಾಲ್ಕಕ್ಕೆ ಅಂಗಡಿ ಮುಚ್ಚುತ್ತೇನೆ, ಗಿರಾಕಿಗಳಿಗೆಲ್ಲ ಹೇಳಿಬಿಟ್ಟಿದ್ದೇನೆ ಅಂದಳು. ಯಾರು ಕರೆದರು ಅಂತ ಕೇಳಿದೆ. ಯಾರೂ ಕರೆಯಲಿಲ್ಲ, ನಾನೇ ಬರುತ್ತಿದ್ದೇನೆ ಅಂದಳು. ಇವರು ಪೇಪರಿನ ಹಿಂದೆ ಅಡಗಿಕೊಂಡರು. ಪೇಪರು ತಲೆಕೆಳಗಾಗಿತ್ತು.

ಅವಳು ಬಂದರೆ ಬಾಗಿಲಿನ ಕಥೆಯನ್ನು ಡಾಕ್ಟರಮ್ಮನ ಮುಂದೆ ಮೊದಲಿಂದ ಕೊನೆಯವರೆಗೆ ಬಿತ್ತರಿಸುತ್ತಾಳೆ. ಬೇಡ ಅಂದರೆ ಏನನ್ನೋ ಮುಚ್ಚಿಡುತ್ತಿದ್ದಾಳೆ ಅಂತ ಅಣ್ಣನ ಕಿವಿ ಊದುತ್ತಾಳೆ. ಅದಕ್ಕೇ ಯೋಚನೆ ಮಾಡಿ ಷರತ್ತು ಹಾಕಿದೆ.

"ಬರೋದಾದ್ರೆ ಬಾ. ಒಳಗೆ ಹೋದ್ಮೇಲೆ ಒಂದು ಮಾತೂ ಆಡ್ಬಾರ್ದು. ಅವ್ರು ನಿನ್ನನ್ನೇ ಕೇಳಿದ್ರೂ ಆಡ್ಬಾರ್ದು. ಅಣ್ಣನ ಮೇಲೆ ಆಣೆ ಇಡು."

"ಆಯ್ತು ಅತ್ತಿಗೆ" ಅಂದಳು. ಪೇಪರಿನ ಮೇಲೆ ಕೈ ಇಟ್ಟು ಆಣೆಯನ್ನೂ ಇಟ್ಟಳು. ಇಷ್ಟು ಸುಲಭವಾಗಿ ಒಪ್ಪುತ್ತಾಳೆ ಅಂತ ನಾನು ಎಣಿಸಿರಲಿಲ್ಲ. ಇವಳಿಗೆ ಮಾತು ಬಿಡುವುದೆಂದರೆ ಬೆಕ್ಕು ಹಾಲು ಬಿಟ್ಟ ಹಾಗೆ. ಮೂರು ನಿಮಿಷವೂ ತಡೆಯುವುದಿಲ್ಲ.

ಜೂನ್ 23, ಸೋಮವಾರ

ರಿಪೋರ್ಟುಗಳನ್ನು ಜೋಡಿಸಿದೆ. ಪುಸ್ತಿಕೆ ಹೇಳಿತು ಅಂತ ಅಲ್ಲ, ಗಲೀಜು ಕಂಡರೆ ನನಗೆ ಆಗುವುದಿಲ್ಲ. ಎದೆಯ ಫೋಟೋ ಚೆನ್ನಾಗಿದೆ, ರಕ್ತವೂ ಚೆನ್ನಾಗಿದೆ ಅಂತ ಬಂದಿದೆ. ಪ್ರಶ್ನೆಗಳು ಅಂತ ಮೇಲೆ ಬರೆದು ಒಂದು ಹಾಳೆ ಇಟ್ಟುಕೊಂಡೆ. ಚಹಾ ಆರುವವರೆಗೆ ಅದರ ಮುಂದೆ ಕೂತಿದ್ದೆ. ಖಾಲಿ ಹಾಳೆಯನ್ನೇ ಮಡಚಿ ಫೈಲಿಗೆ ಹಾಕಿದೆ.

ಏನೂ ಇಲ್ಲ ಅಂತ ಹೇಳುವುದನ್ನು ಕನ್ನಡಿಯ ಮುಂದೆ ಎರಡು ಸಲ ಹೇಳಿ ನೋಡಿದೆ. ಎರಡನೆಯ ಸಲ ಚೆನ್ನಾಗಿ ಬಂತು.

ಜೂನ್ 24, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಸಿಟ್ಟಿನಲ್ಲಿದ್ದೇನೆ, ಅಕ್ಷರ ನೆಟ್ಟಗಿಲ್ಲ.

ಬಸ್ಸಿನಲ್ಲಿ ರೇಡಿಯೋ ಎಂದಿನ ಹಾಗೆಯೇ ಇದ್ದಳು. ಯಾರ ಮಗಳು ಯಾರ ಜೊತೆ ಓಡಿದಳು, ಯಾರ ಕೂದಲಿಗೆ ಯಾವ ಬಣ್ಣ. ಆಸ್ಪತ್ರೆಯ ಮೆಟ್ಟಿಲು ಹತ್ತಿದ ಕೂಡಲೇ ತುಟಿ ಮುಚ್ಚಿದಳು. ಕಾಯುವ ಕೋಣೆಯಲ್ಲಿ ಅದೇ ಕಿರುಬೆರಳಿನವಳು ಬಂದು ಪಕ್ಕದಲ್ಲಿ ಕೂತು ಮಾತಿಗೆ ಎಳೆದಳು. ಅದಕ್ಕೂ ಇವಳು ತಲೆಯಾಡಿಸಿದಳು ಅಷ್ಟೇ. ಆಕೆ ಪಾಪ, ಇವಳಿಗೆ ಗಂಟಲ ಕ್ಯಾನ್ಸರ್ ಅಂದುಕೊಂಡು ಕೈ ಸವರಿದಳು.

ಬಟ್ಟೆ ಬದಲಿಸುವ ಪರದೆಯೊಳಗೆ ಆಸ್ಪತ್ರೆಯ ಗೌನು ಕೊಟ್ಟರು. ಅದರ ಲಾಡಿ ಬೆನ್ನಿಗೆ. ನನ್ನ ಎಡಗೈ ಹಿಂದಕ್ಕೆ ಹೋಗಲಿಲ್ಲ. ರೇಡಿಯೋ ನನ್ನ ಚೀಲವನ್ನು ಪಕ್ಕಕ್ಕೆ ಇಟ್ಟು ಬಂದು ಕಟ್ಟಿದಳು. ಎರಡು ಗಂಟಿಗೆ ಇಷ್ಟು ಹೊತ್ತೇ ಅಂದೆ. ಅವಳ ಬೆರಳು ತಣ್ಣಗಿದ್ದವು. ತಲೆ ಬೋಳಿಸಿದ ದಿನವೂ ಹಾಗೇ ಇದ್ದವು.

ಡಾಕ್ಟರಮ್ಮ ಹಾಳೆಗಳನ್ನು ತಿರುವಿದರು. ಎಲ್ಲ ಚೆನ್ನಾಗಿದೆ ಅಂದರು. ಹೊಸದಾಗಿ ಏನಾದರೂ ತೊಂದರೆ ಇದೆಯಾ ಅಂತ ಕೇಳಿದರು. ಏನೂ ಇಲ್ಲ ಅಂದೆ. ಕನ್ನಡಿಯ ಮುಂದೆ ಬಂದದ್ದಕ್ಕಿಂತ ಚೆನ್ನಾಗಿ ಬಂತು. ಅವರು ಅಭ್ಯಾಸಬಲದಿಂದ ರೇಡಿಯೋ ಕಡೆ ತಿರುಗಿದರು. ಅವಳು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದಳು. "ಇವತ್ತೇನು ಇಷ್ಟು ಸುಮ್ನಿದೀರಿ?" ಅಂತ ಕೇಳಿದರೂ ಬಾಯಿ ತೆರೆಯಲಿಲ್ಲ. ಗೆದ್ದೆ ಅಂದುಕೊಂಡೆ.

ಮಂಚದ ಮೇಲೆ ಮಲಗಿಸಿ ಕತ್ತು ಒತ್ತಿ ನೋಡಿದರು, ಕಂಕುಳು ನೋಡಿದರು, ಹೊಟ್ಟೆ ನೋಡಿದರು. ಸರಿ ಅಂದರು. ಉಸಿರು ಕೇಳಬೇಕು, ಎದ್ದು ಆ ಕಡೆ ತಿರುಗಿ ಕೂರಿ ಅಂದರು. ಕೂತೆ. ಲಾಡಿ ಬಿಚ್ಚಿದರು. ಬೆನ್ನ ಮೇಲೆ ಏನೂ ತಾಗಲಿಲ್ಲ.

"ಇದೇನಮ್ಮ ಇಲ್ಲಿ, ಬಾಣ?"

ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಲಾಡಿ ಕಟ್ಟಲು ಅಷ್ಟು ಹೊತ್ತು ಯಾಕೆ ಬೇಕಾಯಿತು ಅನ್ನುವುದೂ ಅರ್ಥವಾಯಿತು. ನನ್ನ ಚೀಲ, ನನ್ನ ಸ್ಟಿಕ್ಕರು, ನನ್ನ ಬೆನ್ನು. ಆಣೆ ಮಾತಿನ ಮೇಲಿತ್ತು, ಕೈಯ ಮೇಲೆ ಇರಲಿಲ್ಲ. ಕಳ್ಳಿ.

ಕೆಲಸದಲ್ಲಿ ಎಲ್ಲೋ ಅಂಟಿಕೊಂಡಿರಬೇಕು ಅಂದೆ. ಡಾಕ್ಟರಮ್ಮ ಹೂಂ ಅಂದರು. ಆದರೂ ಬಾಣದ ತುದಿಯಲ್ಲಿ ಬೆರಳಿಟ್ಟು ಒತ್ತಿದರು. "ಇಲ್ಲಿ ನೋಯುತ್ತಾ?"

ಇಲ್ಲ ಅಂದೆ. ಸುಳ್ಳಲ್ಲ, ಅಲ್ಲಿ ನೋಯುತ್ತಿರಲಿಲ್ಲ. ಇನ್ನೊಂದು ಸಲ ಒತ್ತಿದರು. ಇಲ್ಲ. ಸರಿ ಹಾಗಾದರೆ ಅಂದರು, ಬೆರಳು ತೆಗೆದರು. ಅಲ್ಲಿಗೆ ಎಲ್ಲ ಮುಗಿಯಿತು. ಇಳಿದು, ಬಟ್ಟೆ ಹಾಕಿಕೊಂಡು, ಆರು ತಿಂಗಳು ಬಿಟ್ಟು ಬಂದರಾಗಿತ್ತು.

ಆದರೆ ಆ ಬಾಣ ತಪ್ಪು ಜಾಗದಲ್ಲಿ ಇತ್ತು. ನಾನು ಏನು ಮಾಡಲಿ? ಓದಿದ ಹೆಂಗಸು ಸರಿಯಿರುವ ಹೊಲಿಗೆಯನ್ನು ಒತ್ತಿ ಒತ್ತಿ ನೋಡಿ ಪೀಸನ್ನು ಪಾಸು ಮಾಡುತ್ತಿದ್ದಾಳೆ. ಅದೂ ನನ್ನದೇ ಸ್ಟಿಕ್ಕರಿನಿಂದ. ನನ್ನ ಟೇಬಲ್ಲಿನಲ್ಲಿ ಯಾರಾದರೂ ಹೀಗೆ ಅಂಟಿಸಿದ್ದರೆ ಅವತ್ತೇ ಗುಂಡಿ ಟೇಬಲ್ಲಿಗೆ ಕಳಿಸುತ್ತಿದ್ದೆ. ತಡೆಯಲು ಆಗಲಿಲ್ಲ.

"ಅಲ್ಲ. ಇನ್ನೂ ಕೆಳಗೆ" ಅಂದೆ. "ಎರಡು ಬೆರಳು ಕೆಳಗೆ, ಪಕ್ಕೆ ಕಡೆ. ತುದಿ ಮುಟ್ಬೇಕು."

ಬೆರಳು ಕೆಳಗೆ ಬಂತು. ಮುಟ್ಟಿತು. ನಾನು ಕೂಗಿದೆ ಅಂತ ಆಮೇಲೆ ರೇಡಿಯೋ ಹೇಳಿದಳು. ಕೂಗಿರಲಾರೆ.

ಎಷ್ಟು ದಿನದಿಂದ ಅಂದರು. ಯುಗಯುಗದಿಂದ ಅನ್ನಬೇಕೆನಿಸಿತು, ಎರಡು ತಿಂಗಳು ಅಂದೆ. ಕೈ ಎತ್ತಲು ಹೇಳಿದರು. ಎಷ್ಟು ಬರುತ್ತದೋ ಅಷ್ಟು ಎತ್ತಿ ತೋರಿಸಿದೆ. ಕಿವಿಯವರೆಗೆ. ನೋವಿಗೆ ಎಷ್ಟು ಕೊಡುತ್ತೀರಿ ಅಂದರು. ಏಳು ಅಂದೆ. ಒಂದು ಕ್ಷಣ ಬಿಟ್ಟು ಎಂಟು ಅಂದೆ. ಟ್ಯೂಬ್‌ಲೈಟಿನ ವಿಷಯ ಹೇಳಲಿಲ್ಲ. ಆ ಕೋಣೆಯ ದೀಪ ಚೆನ್ನಾಗಿಯೇ ಇತ್ತು.

ಮೂಳೆಯ ಸ್ಕ್ಯಾನ್ ಆಗಬೇಕಂತೆ. ಆಪರೇಷನ್ನು, ರೇಡಿಯೇಷನ್ ಕರೆಂಟು ಕೊಟ್ಟದ್ದರಿಂದ ಸ್ನಾಯು ಬಿಗಿದಿರಬಹುದು, ಹಾಗೆ ತುಂಬ ಜನಕ್ಕೆ ಆಗುತ್ತದೆ. ಬೇರೆಯೂ ಇರಬಹುದು. ನೋಡದೆ ಹೇಳುವುದಿಲ್ಲ ಅಂದರು. ಆ ಮಾತು ಹಿಡಿಸಿತು. ಬಾಯಿಗೆ ಬಂದ ಸಮಾಧಾನ ಹೇಳುವವರ ನಡುವೆ ಒಬ್ಬಳಾದರೂ ಚೆಕರ್ ಇದ್ದಾಳೆ.

ರೇಡಿಯೋ ಇಷ್ಟು ಹೊತ್ತೂ ಮಾತಾಡಿರಲಿಲ್ಲ. ಕ್ಯಾಲೆಂಡರ್ ಕಡೆಗೇ ಮುಖ, ಕಣ್ಣಿಂದ ನೀರು ಸುರಿದು ಗಲ್ಲದಿಂದ ಬೀಳುತ್ತಿತ್ತು. ಒರೆಸಿಕೊಂಡೂ ಇರಲಿಲ್ಲ. ಒರೆಸಿದರೆ ಆಣೆ ಮುರಿಯುತ್ತದೆಯೇ, ಪೆದ್ದಿ.

ಬೀದಿಗೆ ಬಂದ ಮೇಲೆ ಬಾಣವನ್ನು ಹಾಗಾ ಅಂಟಿಸುವುದು ಅಂತ ಕೇಳಿದೆ. "ಬಾಗಿಲಿಗೆ ಉಜ್ಜೋವಾಗ ದೂರದಿಂದ ನೋಡಿದ್ದು ಅತ್ತಿಗೆ, ಅಂದಾಜಿಗೆ ಹಾಕ್ದೆ" ಅಂದಳು. ಅಂದಾಜಿಗಂತೆ. ಆಮೇಲೆ ಮನೆ ಬರುವವರೆಗೆ ಬಾಯಿ ಮುಚ್ಚಲಿಲ್ಲ. ಸುಮ್ಮನಿದ್ದ ಹೊತ್ತಿನ ಬಾಕಿಯನ್ನೂ ತೀರಿಸಿಕೊಂಡಳು. ನಿಲ್ಲಿಸು ಅಂತ ಹೇಳಬೇಕು ಅಂದುಕೊಂಡೆ, ಅಷ್ಟರಲ್ಲಿ ನಮ್ಮ ನಿಲ್ದಾಣ ಬಂತು.

ಜೂನ್ 27, ಶುಕ್ರವಾರ

ಸ್ಕ್ಯಾನ್ ಆಯಿತು. ಅಲ್ಲಾಡಬಾರದಂತೆ. ಅಲ್ಲಾಡಲಿಲ್ಲ.

ಶಿಳ್ಳೆಗೆ ಎಡಗೈ ಏಳುವುದಿಲ್ಲ ಅಂತ ಬೆಳಿಗ್ಗೆಯೇ ಹೇಳಿದೆ. ಗೊತ್ತಿತ್ತು ಅಕ್ಕ, ನೀವೇ ಹೇಳಲಿ ಅಂತಿದ್ದೆ ಅಂದ. ಇಷ್ಟು ಬುದ್ಧಿ ಇದ್ದವನು ಶಿಳ್ಳೆ ಯಾಕೆ ಹಾಕಿಕೊಂಡು ತಿರುಗಬೇಕು.

ಜೂನ್ 29, ಭಾನುವಾರ

ನಾಳೆ ಡಾಕ್ಟರಮ್ಮ ಫಲಿತಾಂಶ ಹೇಳುತ್ತಾರೆ.

ಇವರು ರಜೆ ಹಾಕಿದ್ದಾರೆ. ಬಂದು ಏನು ಮಾಡುತ್ತೀರಿ ಅಂದದ್ದಕ್ಕೆ ಸುಮ್ಮನೆ ನಿಂತಿರುತ್ತೇನೆ ಅಂದರು. ನಿಲ್ಲಲಿ, ಅಭ್ಯಾಸ ಇದೆ.

ಫೈಲಿನಲ್ಲಿದ್ದ ಖಾಲಿ ಹಾಳೆ ತೆಗೆದೆ. ಒಂದು ಪ್ರಶ್ನೆ ಬರೆದೆ. ಮತ್ತೆ ಬಂದಿದೆಯೇ? ಅಷ್ಟೇ ಬರೆದದ್ದು. ಬಾಯಿಬಿಟ್ಟು ಹೇಳಿ ನೋಡಿದೆ. ಮತ್ತೆ ಅನ್ನುವವರೆಗೆ ಬಂತು, ಮುಂದಕ್ಕೆ ಬರಲಿಲ್ಲ. ಇನ್ನೊಂದು ಸಲ ಹೇಳಿದೆ. ಅಲ್ಲಿಗೇ ನಿಂತಿತು.

ರೇಡಿಯೋ ಡಬ್ಬಿ ವಾಪಸು ತೆಗೆದುಕೊಂಡು ಹೋಗಲು ಬಂದಿದ್ದಳು. ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಓದಿದಳು. ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು. ನಾಳೆಯೂ ಆಣೆ ಇದೆಯಾ ಅಂತ ಕೇಳಿದಳು.

"ನಾನು ಕೇಳೋಕೆ ಶುರು ಮಾಡ್ತೀನಿ" ಅಂದೆ. "ಎಲ್ಲಿ ನಿಲ್ಲಿಸ್ತೀನೋ ಅಲ್ಲಿಂದ ನೀನು ಹೇಳು."

ಅವಳು ತಲೆಯಾಡಿಸಿದಳು. ಎಷ್ಟೋ ವರ್ಷದಿಂದ ಸುಮ್ಮನೆ ಓಡುತ್ತಿರುವ ಬಾಯಿ, ಒಂದು ದಿನವಾದರೂ ಉಪಯೋಗಕ್ಕೆ ಬರಲಿ.